ಅಪ್‌ಡೇಟ್: ಎಂಐಟಿಯೋ ಜಿಪಿಎಲ್ಲೋ, ಕೊನೆಗೂ ತೀರ್ಮಾನ ಆಯ್ತು

ನಾವೆಲ್ಲ ಸೇರಿ ಮಾಡುತ್ತಿರುವ ಕನ್ನಡ ಸ್ಪೆಲ್‌ಚೆಕರ್‌ಗೆ ಎಂಐಟಿ ಲೈಸೆನ್ಸ್ ಹಾಕೋಣವೋ, ಜಿಪಿಎಲ್ಲೋ ಎಂದು ಹೋದ ತಿಂಗಳು ಕೇಳಿದ್ದೆ. ಎರಡೂ ಕೋಡನ್ನು ಯಾರು ಬೇಕಾದರೂ ಬಳಸಲು ಬಿಡುವ ಲೈಸೆನ್ಸ್‌ಗಳೇ; ಎಂಐಟಿಯಲ್ಲಿ ಷರತ್ತು ಕಡಿಮೆ, ಜಿಪಿಎಲ್‌ನಲ್ಲಾದರೆ ಬದಲಿಸಿ ಹಂಚಿದ್ದೂ ಜಿಪಿಎಲ್‌ನಲ್ಲೇ ಇರಬೇಕು. ಜಿಪಿಎಲ್ 3 ಹಾಕಿದೆವು. ನಿಜ ಹೇಳಬೇಕೆಂದರೆ ವಾದದಲ್ಲಿ ಯಾರೂ ಗೆಲ್ಲಲಿಲ್ಲ, ಕೋಡೇ ತೀರ್ಪು ಕೊಟ್ಟಿತು. ನಾವು ಬಳಸಿದ್ದ ಒಂದು ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಲೈಸೆನ್ಸ್ ಅಪಾಚೆ 2.0, ಇನ್ನೊಂದರದ್ದು ‘ಜಿಪಿಎಲ್ 2 ಅಥವಾ ನಂತರದ್ದು’. ಅಪಾಚೆಗೂ ಜಿಪಿಎಲ್ 2ಕ್ಕೂ ಕೂಡಿಬರುವುದಿಲ್ಲ, 3ರ ಜೊತೆ ಸರಿಹೋಗುತ್ತದೆ. ಆ ‘ಅಥವಾ ನಂತರದ್ದು’ ಇಲ್ಲದಿದ್ದರೆ ಒಂದನ್ನು ಕಿತ್ತು ಹಾಕಬೇಕಿತ್ತು!

ಪದಪಟ್ಟಿಗೆ ಸಿಸಿ ಬಿವೈ-ಎಸ್‌ಎ 4.0, ಅಂದರೆ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಬೇಕೆನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಅದನ್ನು ಜಿಪಿಎಲ್ 3ರ ಒಳಗೆ ತರಬಹುದು, ವಾಪಸ್ ಒಯ್ಯುವ ಹಾಗಿಲ್ಲ.

ಎಂಐಟಿ ಬೇಕೆಂದಿದ್ದ ಗೆಳೆಯ ಇನ್ನೂ ಸ್ವಲ್ಪ ಮುನಿಸಿಕೊಂಡಿದ್ದಾನೆ. ಲೈಸೆನ್ಸೇ ಇಲ್ಲದ ಕಾಲದಲ್ಲಿ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದ್ದ 11 ಜನರ ಒಪ್ಪಿಗೆ ಕೇಳಿ ಮೇಲ್ ಹಾಕಿದ್ದೇವೆ. ಒಬ್ಬರ ಉತ್ತರ ಬಾಕಿ.