ಕೌಶಲ ಪ್ರಮಾಣಪತ್ರಕ್ಕೆ ಸೈಟಿನಲ್ಲಿ ಬೆಲೆ ಇದೆಯೇ?

ಕಂಬಿ ಮೇಸ್ತ್ರಿ, ತುಮಕೂರು:
ಹದಿನೆಂಟು ವರ್ಷಗಳಿಂದ ಕಂಬಿ ಕಟ್ಟುತ್ತಿದ್ದೇನೆ. ಹೋದ ವರ್ಷ ಸೈಟಿನಲ್ಲೇ ಪರೀಕ್ಷೆ ಮಾಡಿ ಕೌಶಲ ಪ್ರಮಾಣಪತ್ರ ಕೊಟ್ಟರು. ಲ್ಯಾಮಿನೇಷನ್ ಮಾಡಿಸಿ ಹೊಸ ಗುತ್ತಿಗೆದಾರರಿಗೆ ತೋರಿಸಿದೆ. ಅವರು ಕೈಗೂ ತೆಗೆದುಕೊಳ್ಳಲಿಲ್ಲ; "ನಾಳೆ ಎರಡು ಕಾಲಂ ಕಟ್ಟು, ನೋಡೋಣ" ಎಂದರು. ಕೂಲಿ ಹಳೆಯದೇ. ಹಾಗಾದರೆ ಈ ಕಾಗದ ಯಾತಕ್ಕೆ?

ಗಾರೆ ಕೆಲಸದವನು:
ಅಣ್ಣ, ನಾನಂತೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡನ್ನೇ ಕೌಶಲದ ಕಾರ್ಡು ಎಂದುಕೊಂಡಿದ್ದೆ! ವರ್ಷದಲ್ಲಿ 90 ದಿನ ದುಡಿದಿದ್ದರೆ ಅದು ಸಿಗುತ್ತದೆ. ಸವಲತ್ತಿಗೆ ಸರಿ, ಕೈಚಳಕಕ್ಕೆ ಸಾಕ್ಷಿಯಲ್ಲ.

ಲಂಡನ್ನಿನ ಸೈಟ್ ಎಂಜಿನಿಯರ್:
ಇಲ್ಲಿ ಸಿಎಸ್‌ಸಿಎಸ್ ಎಂಬ, ಕಟ್ಟಡ ಕೆಲಸಗಾರರ ಕೌಶಲ ತೋರಿಸುವ ಕಾರ್ಡು 1995ರಿಂದ ಇದೆ. ಕೂಲಿಯವರಿಗೆ ಹಸಿರು, ಕುಶಲಕರ್ಮಿಗಳಿಗೆ ನೀಲಿ. ಕಾನೂನು ಕಡ್ಡಾಯ ಮಾಡಿಲ್ಲ. ಆದರೆ ದೊಡ್ಡ ಗುತ್ತಿಗೆದಾರರು ಕಾರ್ಡಿಲ್ಲದವರನ್ನು ಸಾಮಾನ್ಯವಾಗಿ ಗೇಟು ದಾಟಲು ಬಿಡುವುದಿಲ್ಲ. ಅದರ ಬಲವೆಲ್ಲ ಆ ಗೇಟಿನಲ್ಲಿದೆ. ಅರ್ಹತೆಯ ಬದಲು ಉದ್ಯಮದ ಶಿಫಾರಸಿನ ಮೇಲೆ ಕೊಟ್ಟಿದ್ದ ಕಾರ್ಡುಗಳು ಕೂಡ 2024ರ ಕೊನೆಗೆ ಮುಗಿದವು. ಎಷ್ಟೋ ವರ್ಷದ ಹಳಬರೂ ಅರ್ಹತೆ ತೋರಿಸಬೇಕಾಯಿತು, ಗೊಣಗಾಟ ಕಡಿಮೆಯಿರಲಿಲ್ಲ.

ಸಣ್ಣ ಗುತ್ತಿಗೆದಾರ:
ಕೋಪ ಮಾಡಿಕೊಳ್ಳಬೇಡಿ, ನಾನೂ ಕಾಗದ ನೋಡುವವನಲ್ಲ. ಕಾಲಂನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ, ಅಂದರೆ ಅದರ ಬಾಗಿಸಿದ ತುದಿ, ನೋಡುತ್ತೇನೆ. 135 ಡಿಗ್ರಿ ಒಳಕ್ಕೆ ಬಾಗಬೇಕು. ಅವಸರದವರು 90ಕ್ಕೇ ಬಿಟ್ಟು ಮೇಲೆ ಬೈಂಡಿಂಗ್ ವೈರ್ ಸುತ್ತಿ ಮುಚ್ಚುತ್ತಾರೆ. ಪ್ರಮಾಣಪತ್ರ ಇದ್ದವರೂ ಹಾಗೆ ಮಾಡಿದ್ದನ್ನು ಕಂಡಿದ್ದೇನೆ. ಟೆಂಡರಿನಲ್ಲೇ ಪ್ರಮಾಣಪತ್ರ ಇರುವ ಇಂತಿಷ್ಟು ಕೆಲಸಗಾರರು ಬೇಕೆಂದು ಬರೆದು ದರ ಹೆಚ್ಚಿಸಲಿ, ನಾಳೆಯೇ ಕಾಗದ ಕೇಳುತ್ತೇನೆ.

ಕಂಬಿ ಮೇಸ್ತ್ರಿ:
ನನ್ನ ಕೊಕ್ಕೆ 135 ಡಿಗ್ರಿಯೇ ಸರ್. ದಿನಕ್ಕೆ ಎಷ್ಟು ಕೊಡುತ್ತೀರಿ?