ಟಾರ್ಪಲ್ ಹೊಂಡಕ್ಕೆ ಬೇಲಿ ಬೇಕಾ ಅಂತ ಕೇಳಿದ್ದಕ್ಕೆ

ಅತ್ತಿಗೆ, ಬೆಳಿಗ್ಗೆ ನೀವು ಹಾಕಿದ್ದು ಓದಿದೆ. ರಜೆಗೆ ಮಕ್ಕಳು ತೋಟಕ್ಕೆ ಬರ್ತಾರೆ, ನೀರು ನಿಲ್ಲಿಸೋಕೆ ಒಳಗೆಲ್ಲ ಟಾರ್ಪಲ್ ಹಾಸಿದ ಹೊಸ ಹೊಂಡಕ್ಕೆ ಬೇಲಿ ಬೇಕಾ, ದೊಡ್ಡವನಿಗೆ ಈಜು ಬರುತ್ತಲ್ಲ ಅಂತ. ಖಂಡಿತ ಬೇಕು, ಅವರು ಬರೋದಕ್ಕೆ ಮೊದಲೇ. ಈಜು ಬಂದವರನ್ನೂ ಆ ಹೊಂಡ ಬಿಡೋದಿಲ್ಲ.

ಹಳೇ ಕೆರೆ ದಡದಲ್ಲಿ ಹುಲ್ಲೋ ಬೇರೋ ಕೈಗೆ ಸಿಗುತ್ತೆ. ಟಾರ್ಪಲ್‌ನಲ್ಲಿ ಹಿಡಿಯೋಕೆ ಏನೂ ಇಲ್ಲ. ನೀರಂಚಿನ ಕೆಳಗೆ ತೆಳ್ಳಗೆ ಪಾಚಿ ಕಟ್ಟಿರುತ್ತೆ, ಇಳಿಜಾರು ಬೇರೆ. ಕಾಲೂರಿದರೆ ಜಾರುತ್ತೆ, ಮತ್ತೆ ಊರಿದರೆ ಮತ್ತೆ ಜಾರುತ್ತೆ. ದಡ ಒಂದು ಮಾರು ದೂರದಲ್ಲೇ ಇರುತ್ತೆ, ಹತ್ತಕ್ಕಾಗಲ್ಲ. ಈಜುವವನು ಸೋಲೋದು ಅಲ್ಲೇ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸಿ ನೀರು ಅರ್ಧಕ್ಕಿಳಿದರೆ ಇನ್ನೂ ಕಷ್ಟ, ಹತ್ತಬೇಕಾದ ಜಾರು ಅಷ್ಟೂ ಉದ್ದ ಆಗುತ್ತೆ.

ಹಾಗಾಗಿ ಮೊದಲು ಹಗ್ಗ. ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ, ಅಡಿಗೊಂದು ಗಂಟು, ನಾಲ್ಕೂ ಬದಿಗೆ ಒಂದೊಂದು. ಮೇಲ್ತುದಿ ಕಲ್ಲುಕಂಬಕ್ಕೆ ಕಟ್ಟಿ, ಕೆಳತುದಿ ತಳ ಮುಟ್ಟಲಿ. ಇವತ್ತಿನ ನೀರಿನ ಮಟ್ಟಕ್ಕೇ ನಿಲ್ಲಿಸಿದರೆ ನೀರಿಳಿದಾಗ ಹಗ್ಗ ಕೈಗೆಟುಕಲ್ಲ. ಆಮೇಲೆ ಬೇಲಿ. ಮೂರೆಳೆ ಮುಳ್ಳುತಂತಿ ದನಕ್ಕೆ ಸಾಕು, ಮಗುವಿಗಲ್ಲ. ಕನಿಷ್ಠ 4 ಅಡಿ ಎತ್ತರದ ಮೆಶ್, ಕಾಲಿಡೋಕೆ ಅಡ್ಡಪಟ್ಟಿ ಇರಬಾರದು, ಕೆಳಗೆ 4 ಇಂಚಿಗಿಂತ ಹೆಚ್ಚು ಸಂದಿ ಬೇಡ. ಗೇಟ್ ತಾನಾಗೇ ಮುಚ್ಚಿಕೊಳ್ಳಬೇಕು, ಚಿಲಕ ಮೇಲಿರಲಿ. ಲೈನ್ ಮನೆ, ಅಂದ್ರೆ ತೋಟದ ಕೆಲಸದವರ ಸಾಲುಮನೆ, ಅಲ್ಲಿನ ಮಕ್ಕಳನ್ನೂ ಲೆಕ್ಕಕ್ಕೆ ತಗೊಳ್ಳಿ. ಮೆಣಸು ಕೊಯ್ಲಿಗೆ ಅಪ್ಪ ಅಮ್ಮ ಇಬ್ಬರೂ ಹೋದರೆ ಅವರನ್ನ ನೋಡೋರಿರಲ್ಲ. ಸಂಬಳ ಕೊಟ್ಟಾದರೂ ಒಬ್ಬರನ್ನ ಆ ಮಕ್ಕಳನ್ನ ನೋಡೋಕೆ ಕೂರಿಸಿ.

ಇನ್ನೊಂದು, ಮುಳುಗೋ ಮಗು ಕೂಗುತ್ತೆ ಅಂತ ಕಾಯಬೇಡಿ. ಬಾಯಿ ನೀರಿಂದ ಮೇಲೆ ಬರೋ ಆ ಗಳಿಗೆ ಉಸಿರಿಗೇ ಸಾಲಲ್ಲ, ಕೂಗೋದೆಲ್ಲಿ. ತಲೆ ಹಿಂದಕ್ಕೆ ವಾಲಿ, ಕೈ ಪಕ್ಕಕ್ಕೆ ಚಾಚಿ ನೀರು ಅದುಮ್ತಿರುತ್ತೆ ಅಷ್ಟೇ. ಒಂದು ನಿಮಿಷದೊಳಗೆ ಅದೂ ನಿಲ್ಲುತ್ತೆ.

ಯಾರಾದ್ರೂ ಬಿದ್ದರೆ ಹಿಂದೆ ಹಾರಬೇಡಿ. ಜಾರೋ ಹೊಂಡ ಹಾರಿದವರನ್ನೂ ಬಿಡಲ್ಲ. ಮೆಣಸು ಕೊಯ್ಯೋ ಬಿದಿರೇಣಿ ಒಂದು ಅಲ್ಲೇ ಇರಲಿ. ದಡದ ಮೇಲೆ ಮಲಗಿಕೊಂಡು ಚಾಚಿ, ನಿಂತು ಚಾಚಿದರೆ ನಿಮ್ಮನ್ನೇ ಎಳ್ಕೊಳ್ತಾರೆ. ಮುಚ್ಚಳ ಬಿಗಿದ 10 ಲೀಟರ್ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿಡಿ, ಒಳಗೆ ಒಂದು ಲೋಟ ನೀರಿರಲಿ, ಆಗ ಎಸೆದಷ್ಟು ದೂರ ಹೋಗುತ್ತೆ.

ಗ್ರೂಪಲ್ಲಿ ಬಂದ ವಿಡಿಯೊ, ಮಗುವಿನ ಕಾಲು ಹಿಡಿದು ತಲೆಕೆಳಗೆ ತಿರುಗಿಸೋದು, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೊಟ್ಟೆ ಒತ್ತೋದೂ ಬೇಡ. ಅದರಿಂದ ಬರೋದು ಹೊಟ್ಟೆಯೊಳಗಿನ ನೀರು, ಅದು ವಾಪಸ್ ಶ್ವಾಸನಾಳಕ್ಕೆ ಹೋಗುತ್ತೆ, ಹೊತ್ತೂ ಹೋಗುತ್ತೆ. ಬೇಕಾಗಿರೋದು ಗಾಳಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಉಸಿರಿಲ್ಲ, ಇಲ್ಲಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೀತಿದೆ ಅಂದ್ರೆ, ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏರೋ ಹಾಗೆ 5 ಸಲ ಊದಿ. ಆಮೇಲೆ ಎದೆ ನಡುವೆ 30 ಸಲ ಒತ್ತಿ 2 ಸಲ ಊದಿ, ಹೀಗೇ ಮುಂದುವರಿಸಿ. ನಿಮಿಷಕ್ಕೆ 100ರಿಂದ 120ರ ವೇಗ. ದೊಡ್ಡವರಿಗೆ 5 ಸೆಂಟಿಮೀಟರ್ ಆಳ, ಮಗುವಿಗೆ ಎದೆ ದಪ್ಪದ ಮೂರರಲ್ಲೊಂದು ಪಾಲು. ಬಾಯಲ್ಲಿ ನೊರೆ ಬರುತ್ತೆ, ಒರೆಸ್ತಾ ಕೂರಬೇಡಿ, ಊದ್ತಾ ಇರಿ. ಎದ್ದು ಕೂತರೂ ಆಸ್ಪತ್ರೆಗೆ ಕರ್ಕೊಂಡು ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಉಸಿರಾಟ ಕೆಡೋದುಂಟು.

ಕಾವೇರಿ ದಡದ ದುಬಾರೆಗೆ ಹೋಗ್ತೀವಿ ಅಂದ್ರಲ್ಲ, ಕುಶಾಲನಗರದಲ್ಲಿ ಬಿಸಿಲಿದ್ದರೂ ಹೊಳೆಯ ಮೇಲ್ಗಡೆ ಭಾಗಮಂಡಲದ ಕಡೆ ಮಳೆ ಹುಯ್ದರೆ ಕಾವೇರಿ ಏರುತ್ತೆ. ಹರಿವಿನ ವೇಗ ಎರಡರಷ್ಟಾದರೆ ತಳ್ಳೋ ಬಲ ನಾಲ್ಕರಷ್ಟು, ಮಂಡಿ ನೀರೂ ಬೀಳಿಸುತ್ತೆ. ನೀರು ಕೆಂಪಾದರೆ ಎಲ್ಲರೂ ಮೇಲೆ ಬನ್ನಿ.

ಹಗ್ಗ ನಾಳೆಯೇ ಕಟ್ಟಿಸಿ, ಒಂದೇ ದಿನದ ಕೆಲಸ. ಮೆಶ್ ಬರೋವರೆಗೆ ಆ ಕಡೆ ಮಕ್ಕಳನ್ನ ಬಿಡಬೇಡಿ. ಕಟ್ಟಿದ ಮೇಲೆ ಫೋಟೊ ಹಾಕಿ, ತಳದವರೆಗೂ ಹೋಗಿದೆಯಾ ನೋಡ್ತೀನಿ.