ಪರದೆಯ ಕೆಂಪು, ಅಚ್ಚಿನ ಕೆಂಪು: ಮಾನಿಟರ್ ಕ್ಯಾಲಿಬ್ರೇಷನ್ ಬಗ್ಗೆ ಅನುಭವ ಹಂಚಿಕೆ

ಕೇಳಿದವರು, ಗದಗ-ಬೆಟಗೇರಿ:

ಎಲ್ಲರಿಗೂ ನಮಸ್ಕಾರ. ಲಗ್ನಪತ್ರಿಕೆ, ಸೀರೆ ಅಂಗಡಿಗಳ ಕ್ಯಾಟಲಾಗ್, ಮಸಾಲೆ ಪೊಟ್ಟಣಗಳ ಲೇಬಲ್ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ ನನ್ನದು. ಬ್ಯಾಡಗಿ ಮೆಣಸಿನಪುಡಿಯ ಲೇಬಲ್ಲಿಗೆ ಹಾಕಿದ ಕೆಂಪು ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಅಚ್ಚಾಗಿ ಬಂದಾಗ ಮಾತ್ರ ಇಟ್ಟಂಗಿ ಬಣ್ಣಕ್ಕೆ ತಿರುಗಿರುತ್ತದೆ. ಅಂಗಡಿಯ ಎರಡು ಮಾನಿಟರ್‌ಗಳಲ್ಲಿಯೂ ಒಂದೇ ಫೈಲು ಬೇರೆ ಬೇರೆಯಾಗಿ ತೋರುತ್ತದೆ. ಬಣ್ಣ ಅಳೆಯುವ ಉಪಕರಣವನ್ನು ಕೊಳ್ಳಲೇಬೇಕೇ, ಕಣ್ಣಳತೆಯಲ್ಲಿ ಹೊಂದಿಸಿಕೊಳ್ಳಲು ಸಾಧ್ಯವೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿಯಿಂದ:

ಆಫ್‌ಸೆಟ್ ಪ್ರೆಸ್ಸಿನಲ್ಲಿ ಫೈಲುಗಳನ್ನು ಪ್ಲೇಟಿಗೆ ಸಿದ್ಧಪಡಿಸುವ ಕೆಲಸದಲ್ಲಿ ಬಹುಕಾಲದಿಂದ ಇದ್ದೇನೆ. ನಾನು ಕಂಡಂತೆ, "ಪ್ರಿಂಟು ಕಪ್ಪಾಗಿ ಬಂತು" ಎಂಬ ದೂರಿಗೆ ಬಹಳ ಸಲ ಕಾರಣವಾಗಿರುವುದು ಮಾನಿಟರ್‌ನ ಅತಿಯಾದ ಬೆಳಕು. ಅನೇಕ ಮಾನಿಟರ್‌ಗಳು ಪೆಟ್ಟಿಗೆಯಿಂದ ತೆಗೆದಾಗ ಚದರ ಮೀಟರಿಗೆ 250 ಕ್ಯಾಂಡೆಲಾ (ಬೆಳಕಿನ ಪ್ರಮಾಣದ ಅಳತೆ) ಆಸುಪಾಸಿನಲ್ಲಿ ಉರಿಯುತ್ತಿರುತ್ತವೆ, ಅಚ್ಚಿನ ಕೆಲಸಕ್ಕೆ 80ರಿಂದ 120 ಸಾಕು. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದವಾದರೋ ಕೋಣೆಯ ಬೆಳಕನ್ನು ಮರಳಿಸುತ್ತದಷ್ಟೆ. ಹೀಗಾಗಿ ಅತಿ ಬೆಳಕಿನ ಪರದೆಯ ಮುಂದೆ ಕುಳಿತವರು ಚಿತ್ರ ತೆಳುವಾಯಿತೆಂದು ಭಾವಿಸಿ ಅದನ್ನು ಇನ್ನಷ್ಟು ಗಾಢವಾಗಿಸಿ ಕಳಿಸುತ್ತಾರೆ, ಪ್ರೆಸ್ಸು ಅದನ್ನು ಇದ್ದಂತೆಯೇ ಅಚ್ಚು ಹಾಕಿಕೊಡುತ್ತದೆ.

ಇದನ್ನು ಇಂದೇ ಪರೀಕ್ಷಿಸಬಹುದು. ಖಾಲಿ ಬಿಳಿ ಪುಟವನ್ನು ಪರದೆಯ ತುಂಬ ತೆರೆಯಿರಿ. ನೀವು ಅಚ್ಚು ಹಾಕಿಸುವ ಆರ್ಟ್ ಪೇಪರಿನ ಒಂದು ಹಾಳೆಯನ್ನು ಪ್ರೂಫ್ (ಮಾದರಿ ಅಚ್ಚು) ನೋಡುವ ದೀಪದಡಿ ಪರದೆಯ ಪಕ್ಕದಲ್ಲಿ ಹಿಡಿಯಿರಿ. ಪರದೆಯ ಪಕ್ಕದಲ್ಲಿ ಹಾಳೆ ಬೂದಿ ಬಣ್ಣಕ್ಕೆ ಇಳಿದಂತೆ ಕಂಡರೆ, ಎರಡರ ಬೆಳಕೂ ಸರಿಸಮ ಎನ್ನಿಸುವವರೆಗೆ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ. ಕಾಂಟ್ರಾಸ್ಟ್ ಅನ್ನು ಮಾತ್ರ ಮುಟ್ಟಬೇಡಿ. ಮೊದಲಿಗೆ ಪರದೆ ಮಂಕಾಯಿತೆನಿಸಿದರೂ ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ.

ಬೆಳಕನ್ನು ಹೀಗೆ ಕಣ್ಣಳತೆಯಲ್ಲಿ ಹತ್ತಿರಕ್ಕೆ ತರಬಹುದಾದರೂ ಬಣ್ಣದ ಮಟ್ಟಿಗೆ ಅದು ಆಗದ ಕೆಲಸ. ಕಣ್ಣು ತನ್ನ ಮುಂದಿರುವ ಬಿಳುಪಿಗೆ ಕೆಲವೇ ನಿಮಿಷಗಳಲ್ಲಿ ಹೊಂದಿಕೊಂಡು, ನೀಲಿಯತ್ತ ವಾಲಿದ ಬಿಳಿಯನ್ನೂ ಶುದ್ಧ ಬಿಳಿಯೆಂದೇ ಒಪ್ಪಿಬಿಡುತ್ತದೆ. ನಮ್ಮ ಬೆಂಗೇರಿಯ ಖಾದಿ ಕೇಂದ್ರದಲ್ಲಿ ತಯಾರಾಗುವ ರಾಷ್ಟ್ರಧ್ವಜದ ಕೇಸರಿ ಹೇಗಿರಬೇಕೆಂಬುದನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 1 ಎಂಬ ಮಾನಕವು ಅಂಕಿಗಳಲ್ಲಿಯೇ ಗೊತ್ತುಪಡಿಸಿರುವುದು ಇದೇ ಕಾರಣಕ್ಕಾಗಿ. ಆದ್ದರಿಂದ ನೀವು ಕೇಳಿದ ಬಣ್ಣ ಅಳೆಯುವ ಉಪಕರಣ, ಅಂದರೆ ಕಲರಿಮೀಟರ್, ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರಿಗೆ ಭಾರವಾದರೆ ಅಕ್ಕಪಕ್ಕದ ಎರಡು ಮೂರು ಅಂಗಡಿಯವರು ಸೇರಿ ಒಂದನ್ನು ಕೊಳ್ಳಬಹುದು, ಏಕೆಂದರೆ ಅದರ ಕೆಲಸ ಬೀಳುವುದು ತಿಂಗಳಿಗೊಮ್ಮೆ ಮಾತ್ರ. ಆರ್ಗಿಲ್ ಸಿಎಂಎಸ್ ಮತ್ತು ಅದನ್ನು ಬಳಸಿ ನಡೆಯುವ ಡಿಸ್‌ಪ್ಲೇಕ್ಯಾಲ್ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.

ಅಳೆಯುವ ಮೊದಲು ಮಾನಿಟರ್ ಅರ್ಧ ಗಂಟೆಯಾದರೂ ಉರಿದಿರಲಿ. ನೈಟ್ ಲೈಟ್, ಡೈನಾಮಿಕ್ ಕಾಂಟ್ರಾಸ್ಟ್, ವಿದ್ಯುತ್ ಉಳಿಸುವ ಮೋಡ್ ಇವೆಲ್ಲ ಬಂದಾಗಿರಲಿ, ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳದಿರಲಿ. ಗುರಿಯಾಗಿ 6500 ಕೆಲ್ವಿನ್ ಬಿಳುಪು (ಈ ಸಂಖ್ಯೆ ಇಳಿದಷ್ಟೂ ಬಿಳಿ ಹಳದಿಯತ್ತ ವಾಲುತ್ತದೆ) ಮತ್ತು 2.2 ಗಾಮಾ (ಕಪ್ಪಿನಿಂದ ಬಿಳಿಯವರೆಗಿನ ನಡುಛಾಯೆಗಳು ಎಷ್ಟು ಬೆಳಗಬೇಕೆಂಬ ಅಳತೆ) ಇಟ್ಟುಕೊಳ್ಳಿ. ಪ್ರೂಫ್ ನೋಡುವ ಬೆಳಕಿನ ಅಂತರರಾಷ್ಟ್ರೀಯ ಮಾನಕ 5000 ಕೆಲ್ವಿನ್ ಆಗಿರುವುದರಿಂದ ಪರದೆಗೂ ಅದನ್ನೇ ಇಡುವವರಿದ್ದಾರೆ. ಅಂಥ ದೀಪವೇ ಇಲ್ಲದ ಅಂಗಡಿಯಲ್ಲಿ ಅದರಿಂದ ಪರದೆ ಹಳದಿಯಾಗುವುದು ಬಿಟ್ಟರೆ ಬೇರೆ ಪ್ರಯೋಜನ ನನಗೆ ಕಂಡಿಲ್ಲ. ಬಿಳುಪನ್ನು ಮೊದಲು ಮಾನಿಟರ್‌ನ ಸ್ವಂತ ಗುಂಡಿಗಳಿಂದ, ಅಂದರೆ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಹೆಚ್ಚು ಕಡಿಮೆ ಮಾಡುವ ಗೇನ್‌ಗಳಿಂದ ಸಾಧ್ಯವಾದಷ್ಟು ಹತ್ತಿರಕ್ಕೆ ತನ್ನಿ. ಇಡೀ ತಿದ್ದುಪಡಿಯನ್ನು ತಂತ್ರಾಂಶದ ಮೇಲೆ ಹಾಕಿದರೆ ಗ್ರಾಫಿಕ್ಸ್ ಕಾರ್ಡು ಪ್ರತಿ ಬಣ್ಣಕ್ಕೂ ಇರುವ 256 ಮೆಟ್ಟಿಲುಗಳಲ್ಲಿ ಒಂದಷ್ಟನ್ನು ಕಳೆದುಕೊಳ್ಳುತ್ತದೆ. ಆಗ ಆಕಾಶದಂಥ ನುಣುಪಾದ ಛಾಯೆಗಳಲ್ಲಿ ಪಟ್ಟೆಗಳು ಮೂಡುತ್ತವೆ.

ಧಾರವಾಡದಿಂದ:

ಮೇಲಿನವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕಸೂತಿ ಮತ್ತು ಇಳಕಲ್ ಸೀರೆಗಳ ಫೋಟೋ ತೆಗೆಯುವವನಾಗಿ ಪ್ರೊಫೈಲಿನ ಬಗ್ಗೆ ಎರಡು ಮಾತು ಸೇರಿಸಬೇಕೆನಿಸುತ್ತದೆ. ಕ್ಯಾಲಿಬ್ರೇಷನ್ ಮಾನಿಟರ್‌ನ ನಡತೆಯನ್ನು ತಿದ್ದುತ್ತದೆ, ಪ್ರೊಫೈಲಿಂಗ್ ತಿದ್ದಿದ ಮೇಲೂ ಉಳಿದ ನಡತೆಯನ್ನು ಅಳೆದು ಒಂದು ಐಸಿಸಿ ಫೈಲಿನಲ್ಲಿ, ಅಂದರೆ ಪ್ರೊಫೈಲಿನಲ್ಲಿ, ಬರೆದಿಡುತ್ತದೆ. ತಿದ್ದುಪಡಿ ಪರದೆಯ ಮೇಲಿನ ಎಲ್ಲಕ್ಕೂ ಅನ್ವಯಿಸುತ್ತದೆ. ಬರೆದಿಟ್ಟಿದ್ದನ್ನು ಮಾತ್ರ ಫೋಟೋಶಾಪ್‌ನಂಥ ಬಣ್ಣನಿರ್ವಹಣೆ ಬಲ್ಲ ತಂತ್ರಾಂಶಗಳಷ್ಟೇ ಓದುತ್ತವೆ. ಒಂದೇ ಫೋಟೋ ಫೋಟೋಶಾಪ್‌ನಲ್ಲಿ ಒಂದು ಬಗೆ, ಸಣ್ಣ ವ್ಯೂವರ್‌ನಲ್ಲಿ ಇನ್ನೊಂದು ಬಗೆ ಕಂಡರೆ ಗಾಬರಿಯಾಗದೆ ಫೋಟೋಶಾಪ್ ತೋರಿಸಿದ್ದನ್ನು ನಂಬಿ. ಮಾನಿಟರ್‌ನ ಪ್ರೊಫೈಲನ್ನು ಫೋಟೋಶಾಪ್‌ನ ಕಲರ್ ಸೆಟ್ಟಿಂಗ್ಸ್‌ನಲ್ಲಿ ವರ್ಕಿಂಗ್ ಸ್ಪೇಸ್ (ಕೆಲಸಕ್ಕೆ ಬಳಸುವ ಬಣ್ಣಗಳ ವ್ಯಾಪ್ತಿ) ಆಗಿ ಎಂದೂ ಆಯ್ಕೆ ಮಾಡಬೇಡಿ. ಅಲ್ಲಿ ಎಸ್‌ಆರ್‌ಜಿಬಿ ಅಥವಾ ಅಡೋಬಿ ಆರ್‌ಜಿಬಿ ಎಂಬ ಸಿದ್ಧ ವ್ಯಾಪ್ತಿ ಇರಬೇಕು.

ನಿಮ್ಮ ಎರಡು ಮಾನಿಟರ್‌ಗಳಲ್ಲಿ ಒಂದು ಟಿಎನ್ ಪ್ಯಾನೆಲ್ ಆಗಿದ್ದರೆ ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಅದರ ಬಣ್ಣ ಬದಲಾಗುತ್ತದೆ. ಅದನ್ನು ಟೈಪಿಂಗ್‌ಗೆ ಇಟ್ಟುಕೊಂಡು, ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಪರದೆಯ ಮೇಲೆ ಮಾತ್ರ ಬಣ್ಣ ನಿರ್ಧರಿಸುವುದು ಒಳ್ಳೆಯದು. ಕಲರಿಮೀಟರ್ ಬಳಸುವಾಗ ತಂತ್ರಾಂಶದಲ್ಲಿ ನಿಮ್ಮ ಪರದೆಯ ಹಿಂಬೆಳಕಿನ ಬಗೆಯನ್ನು ಸರಿಯಾಗಿ ಆರಿಸಬೇಕು. ಸಾಧಾರಣ ಬಿಳಿ ಎಲ್‌ಇಡಿ ಪರದೆಗೂ ಹೆಚ್ಚು ಉಜ್ವಲ ಬಣ್ಣ ತೋರಿಸುವ ವೈಡ್ ಗ್ಯಾಮಟ್ ಪರದೆಗೂ ಬೆಳಕಿನ ರಚನೆಯೇ ಬೇರೆಯಾದ್ದರಿಂದ, ತಪ್ಪಾಗಿ ಆರಿಸಿದರೆ ಅಳತೆಯೇ ತಪ್ಪುತ್ತದೆ.

ಹಾವೇರಿಯಿಂದ:

ಬ್ಯಾಡಗಿ ಪೇಟೆಯವರಿಗೆ ಲೇಬಲ್ ಮಾಡಿಕೊಡುವವನಾದ್ದರಿಂದ ಆ ಕೆಂಪಿನ ಬಗ್ಗೆ ಮಾತ್ರ ಬರೆಯುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಅದರ ಬಣ್ಣಕ್ಕೆ. ಲೇಬಲ್ಲಿನಲ್ಲಿ ಅದು ಕಂದಿದರೆ ವ್ಯಾಪಾರಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಪರದೆ ತೋರಿಸಬಲ್ಲ ಅತಿ ಉಜ್ವಲ ಕೆಂಪು ನಾಲ್ಕು ಶಾಯಿಗಳ ಅಚ್ಚಿಗೆ ಎಟುಕುವುದಿಲ್ಲ, ಮಾನಿಟರ್ ಎಷ್ಟೇ ನಿಖರವಾಗಿದ್ದರೂ ಈ ಮಿತಿ ಹೋಗುವುದಿಲ್ಲ. ನಿಖರ ಮಾನಿಟರ್‌ನಿಂದ ಆಗುವ ಲಾಭವೆಂದರೆ, ಸಾಫ್ಟ್ ಪ್ರೂಫ್ (ಅಚ್ಚಿನ ಫಲಿತಾಂಶವನ್ನು ಪರದೆಯಲ್ಲೇ ಅನುಕರಿಸಿ ತೋರಿಸುವ ಸೌಲಭ್ಯ) ಹಾಕಿದಾಗ ಅಚ್ಚಿನಲ್ಲಿ ಬರಲಿರುವ ಕೆಂಪನ್ನು ಮೊದಲೇ ಪರದೆಯ ಮೇಲೆ ಕಾಣಬಹುದು, ಗಿರಾಕಿಗೂ ಅದನ್ನೇ ತೋರಿಸಿ ಒಪ್ಪಿಗೆ ಪಡೆಯಬಹುದು. ಇದಕ್ಕೆ ಪ್ರೆಸ್ಸಿನವರಿಂದ ಅವರ ಯಂತ್ರ ಮತ್ತು ಕಾಗದಕ್ಕೆ ಹೊಂದುವ ಪ್ರೊಫೈಲ್ ಕೇಳಿ ಪಡೆಯಿರಿ. ಫೋಟೋಶಾಪ್‌ನಲ್ಲಿ ಮೊದಲೇ ಕುಳಿತಿರುವ ಸ್ವಾಪ್ ಪ್ರೊಫೈಲ್ ಅಮೆರಿಕದ ಮುದ್ರಣಕ್ಕಾಗಿ ಮಾಡಿದ್ದು.

ಇಟ್ಟಂಗಿ ಬಣ್ಣಕ್ಕೆ ತಿರುಗಿದ ಫೈಲನ್ನು ತೆರೆದು ಕೆಂಪಿನ ಮೇಲೆ ಐಡ್ರಾಪರ್ (ಬಣ್ಣದಲ್ಲಿನ ಶಾಯಿಗಳ ಶೇಕಡಾ ಪ್ರಮಾಣ ತೋರಿಸುವ ಸಾಧನ) ಇಟ್ಟು ನೋಡಿ. ಮಜೆಂಟಾ, ಹಳದಿ ಎರಡೂ ನೂರರ ಹತ್ತಿರವಿದ್ದು ಸಯಾನ್ (ಹಸಿರು ಮಿಶ್ರಿತ ನೀಲಿ ಶಾಯಿ) ಅಥವಾ ಕಪ್ಪು ಹೆಚ್ಚಾಗಿ ಸೇರಿಕೊಂಡಿದ್ದರೆ ಅಲ್ಲಿಯೇ ಕಾರಣವಿದೆ, ಏಕೆಂದರೆ ಕೆಂಪನ್ನು ಕೊಲ್ಲುವ ಶಾಯಿ ಸಯಾನ್. ಮೆಣಸಿನಕಾಯಿಯ ಸುಕ್ಕುಗಳ ನೆರಳಿಗೆ ಎಷ್ಟು ಬೇಕೋ ಅಷ್ಟನ್ನು ಉಳಿಸಿ ಸಮತಟ್ಟಾದ ಕೆಂಪಿನಿಂದ ಅದನ್ನು ತೆಗೆದುಹಾಕಿ. ಮ್ಯಾಪ್‌ಲಿಥೋ ಕಾಗದ ಶಾಯಿ ಹೀರುವುದರಿಂದ ಅದರ ಮೇಲೆ ಈ ಕೆಂಪು ಇನ್ನಷ್ಟು ಮಂಕಾಗುತ್ತದೆ, ಆರ್ಟ್ ಪೇಪರಿನ ಲೇಬಲ್ಲೇ ಲೇಸು. ವ್ಯಾಪಾರಿ ಪಟ್ಟು ಹಿಡಿದು ಅದೇ ಉಜ್ವಲ ಕೆಂಪು ಬೇಕೆಂದರೆ, ಐದನೆಯ ಬಣ್ಣವಾಗಿ ಸ್ಪೆಷಲ್ ಕೆಂಪು ಶಾಯಿ ಹಾಕಿಸುವ ಖರ್ಚನ್ನು ಕೊಟೇಶನ್ನಿನಲ್ಲಿಯೇ ತಿಳಿಸಿಬಿಡಿ.